ಹನ್ನೆರಡು ಪ್ರೋಗ್ರಾಮರುಗಳನ್ನು ಕೊಂಡ ವಿಚಾರ

ಈ ಸಂಚಿಕೆಯ ಕಡೆಯ ಪುಟಗಳಲ್ಲಿ ಅಚ್ಚಾಗಿರುವ ಹಳೆವಿದ್ಯಾರ್ಥಿನಿಯರ ನಿಧಿಯ ಜಮಾಖರ್ಚಿನಲ್ಲಿ "ಪ್ರೋಗ್ರಾಮರು ೧೨, ರೂ. ೩,೧೨೦" ಎಂಬ ಒಂದು ಬಾಬು ಇರುವದು. ಅದರ ಕರಡನ್ನು ನೋಡಿದ ಪೋಷಕರೊಬ್ಬರು, "ಇಷ್ಟು ಅಗ್ಗಕ್ಕೆ ಹನ್ನೆರಡು ಮಂದಿ ಪ್ರೋಗ್ರಾಮರರು ಬೆಂಗಳೂರಿನಲ್ಲಿಯೂ ಸಿಕ್ಕಲಾರರಲ್ಲಾ ಟೀಚರೇ" ಎಂದು ನಗುತ್ತಾ ಕೇಳಿದರು. ನಾವೂ ನಕ್ಕೆವು. ಆದರೆ ಹಣವು ನಿಮ್ಮದು. ಅದರಲ್ಲಿಯೂ ಕೆಲವರು ತಮ್ಮ ಮೊದಲನೆಯ ತಿಂಗಳ ಸಂಬಳದಿಂದ ತೆಗೆದು ಕಳುಹಿಸಿದ ಹಣ. ಕೊಟ್ಟವರಲ್ಲಿ ಒಬ್ಬಿಬ್ಬರು, ಕೊಂಡದ್ದು ತೀರ ಅಗ್ಗದ ಸಾಮಾನಾಯಿತು, ಶಾಲೆಗೆ ಒಪ್ಪುವಂಥ ಒಂದು ದೊಡ್ಡ ಯಂತ್ರವನ್ನೇ ತರಬಹುದಾಗಿತ್ತು ಎಂದು ಬರೆದಿರುತ್ತಾರೆ. ಅವರಿಗೂ, ಮಗಳಿಗೆ ಇಂಥದ್ದನ್ನು ಕೊಡಿಸಬೇಕೋ ಬೇಡವೋ ಎಂದು ನಮ್ಮನ್ನು ವಿಚಾರಿಸುವ ತಾಯ್ತಂದೆಗಳಿಗೂ ಒಂದೇ ಸಲಕ್ಕೆ ಉತ್ತರವಾಗಲೆಂದು ಈ ಕೆಲವು ಪುಟಗಳನ್ನು ಬರೆಯುತ್ತೇವೆ.

ಇಲ್ಲಿ ಪ್ರೋಗ್ರಾಮರ್ ಎಂದರೆ ಮನುಷ್ಯರಲ್ಲ, ಹೆಬ್ಬೆರಳಿಗಿಂತ ತುಸು ಉದ್ದವಾದ ಒಂದು ಉಪಕರಣ. ಈಗಿನ ಬಟ್ಟೆ ಒಗೆಯುವ ಯಂತ್ರ, ಇಂಡಕ್ಷನ್ ಒಲೆ, ಆಟೋರಿಕ್ಷಾದ ಮೀಟರು, ಇವುಗಳ ಹೊಟ್ಟೆಯೊಳಗೆ ಮೈಕ್ರೋಕಂಟ್ರೋಲರ್ ಎಂಬ ಒಂದು ಚಿಕ್ಕ ಚಿಪ್ ಕುಳಿತಿರುವದು. ಲೆಕ್ಕ ಮಾಡುವ ಭಾಗವೂ ನೆನಪಿಟ್ಟುಕೊಳ್ಳುವ ಭಾಗವೂ ಹೊರಗಿನ ಗುಂಡಿ ದೀಪಗಳನ್ನು ಮುಟ್ಟುವ ಕಾಲುಗಳೂ ಆ ಒಂದರಲ್ಲಿಯೇ ಅಡಕವಾಗಿರುವವು. ಅಂಗಡಿಯಿಂದ ಹೊಸದಾಗಿ ತಂದ ಚಿಪ್ ಒರೆಸಿದ ಸ್ಲೇಟಿನಂತೆ ಬರಿದು. ಗಣಕಯಂತ್ರದಲ್ಲಿ ನಾವು ಬರೆದ ಆಜ್ಞೆಗಳನ್ನು ಅದರ ಫ್ಲಾಶ್ ಮೆಮೊರಿಯೊಳಗೆ ಇಳಿಸುವದಕ್ಕೆ ನಡುವೆ ಒಬ್ಬ ದೂತನು ಬೇಕು. ಆ ದೂತನೇ ಪ್ರೋಗ್ರಾಮರ್. ಇದರ ಒಂದು ತುದಿ ಯು.ಎಸ್.ಬಿ. ರಂಧ್ರಕ್ಕೆ, ಇನ್ನೊಂದು ತುದಿಯ ತಂತಿಗಳು ಚಿಪ್‌ನ ಕಾಲುಗಳಿಗೆ. ಬರೆದಾದ ಮೇಲೆ ದೂತನನ್ನು ಕಳಚಿಬಿಟ್ಟರೂ, ವಿದ್ಯುತ್ತನ್ನು ನಿಲ್ಲಿಸಿದರೂ, ಬರೆದದ್ದು ಅಳಿಯದು. ಬೇಡವಾದಾಗ ಅಳಿಸಿ ಪುನಃ ಬರೆಯಬಹುದು. ನಾವು ಆರಿಸಿದ ಚಿಪ್ ಅನ್ನು ೧೦,೦೦೦ ಸಲ ಹೀಗೆ ಅಳಿಸಿ ಬರೆಯಬಹುದೆಂದು ಅದರ ತಯಾರಕರು ಹೇಳಿರುತ್ತಾರೆ. ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಅಷ್ಟು ಸಾಲುವದು.

ಇದು ಯಾವಾಗಲೂ ಇಷ್ಟು ಸುಲಭವಾಗಿರಲಿಲ್ಲ. ೨೦೦೦ದ ಸುಮಾರಿಗೆ ನಾವು ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ಕೈಗೆ ಬಂದದ್ದು ೮೦೮೫ ಎಂಬ ಪ್ರೊಸೆಸರಿನ ತರಬೇತಿ ಪೆಟ್ಟಿಗೆ. ಅದು ೧೯೭೬ರ ಚಿಪ್. ಹದಿನಾರರ ಲೆಕ್ಕದ ಅಂಕಿಗಳನ್ನು ಒಂದೊಂದಾಗಿ ಗುಂಡಿಯಿಂದ ಒತ್ತಿ ತುಂಬಬೇಕಾಗಿತ್ತು. ಪ್ರಯೋಗ ಮುಗಿಯುವ ಮೊದಲೇ ಕರೆಂಟು ಹೋದರೆ ತುಂಬಿದ್ದೆಲ್ಲವೂ ಹೋಗುತ್ತಿತ್ತು. ನಮಗಿಂತ ಮುಂಚಿನವರ ಪಾಡು ಬೇರೆ ವಿಧವಾದದ್ದು. ಇಂಟೆಲ್ ಕಂಪೆನಿಯ ೮೦೫೧ ಎಂಬ ಮೈಕ್ರೋಕಂಟ್ರೋಲರ್ ೧೯೮೦ರಲ್ಲಿ ಬಂದಾಗ, ಅಳಿಸಿ ಬರೆಯಬಹುದಾದ ಅದರ ಮಾದರಿಯ ಬೆನ್ನಿನ ಮೇಲೆ ಸ್ಫಟಿಕದ ಒಂದು ಕಿಟಕಿ ಇರುತ್ತಿತ್ತು. ಆ ಕಿಟಕಿಯೊಳಗೆ ನೇರಳಾತೀತ ದೀಪದ ಬೆಳಕನ್ನು ಹತ್ತು ಇಪ್ಪತ್ತು ನಿಮಿಷ ಬಿಟ್ಟರೆ ಮಾತ್ರ ಹಳೆಯ ಬರಹವು ಅಳಿಯುತ್ತಿತ್ತು. ದೀಪಕ್ಕೊಂದು ಪೆಟ್ಟಿಗೆ, ಬರೆಯುವದಕ್ಕೊಂದು ದುಬಾರಿ ಯಂತ್ರ; ಇವು ಕಾರ್ಖಾನೆಗಳಿಗೂ ಕಾಲೇಜುಗಳಿಗೂ ತಕ್ಕ ಸಾಮಾನುಗಳು. ೧೯೯೩ರಲ್ಲಿ ಮೈಕ್ರೋಚಿಪ್ ಕಂಪೆನಿಯು ಪಿಕ್ ೧೬ಸಿ೮೪ ಎಂಬ ಚಿಪ್ ಅನ್ನು ತಂದಿತು. ಅದನ್ನು ದೀಪವಿಲ್ಲದೆ, ವಿದ್ಯುತ್ತಿನಿಂದಲೇ ಅಳಿಸಬಹುದಾಗಿತ್ತು. ಕೆಲವೇ ತಂತಿಗಳಿಂದ ಬರೆಯಬಹುದಾಗಿತ್ತು. ಹವ್ಯಾಸಕ್ಕಾಗಿ ಎಲೆಕ್ಟ್ರಾನಿಕ್ಸ್ ಮಾಡುವ ಬಡವರಿಗೆ ಬಾಗಿಲು ತೆರೆದದ್ದು ಅಂದಿನಿಂದ ಎನ್ನಬಹುದು.

ನಮ್ಮ ಶಾಲೆಗೆ ಈ ಸಾಧನವು ಬೇಕೆನ್ನಿಸಿದ ಕಾರಣವನ್ನು ಇನ್ನು ಹೇಳಬೇಕು. ೨೦೧೬ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಯೋಜನೆಯಿಂದ ಕೆಲವು ಶಾಲೆಗಳಿಗೆ ೨೦ ಲಕ್ಷ ರೂಪಾಯಿಯ ವರೆಗೆ ಸಹಾಯಧನ ದೊರೆತಿರುವದು. ನಮಗೆ ಅದು ದೊರೆತಿಲ್ಲ. ನಮ್ಮಲ್ಲಿ ಇದ್ದದ್ದು ಮೂರು ಆರ್ಡುಯಿನೋ ಉನೋ ಬೋರ್ಡುಗಳು ಮಾತ್ರ. ಆರ್ಡುಯಿನೋ ಎಂಬದು ೨೦೦೫ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ, ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಬೋರ್ಡು. ಅದರ ಚಿಪ್‌ನಲ್ಲಿ ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಮನ್ನು ಮೊದಲೇ ಇಟ್ಟಿರುವದರಿಂದ, ಬೇರೆ ಪ್ರೋಗ್ರಾಮರಿನ ಹಂಗಿಲ್ಲದೆ ಯು.ಎಸ್.ಬಿ. ತಂತಿಯಿಂದಲೇ ಬರೆಯಬಹುದು. ಕಲಿಯುವದಕ್ಕೆ ಇಷ್ಟು ಒಳ್ಳೆಯ ಬೋರ್ಡು ಬೇರೆ ಇಲ್ಲವೆಂದೇ ನಮ್ಮ ಅಭಿಪ್ರಾಯ. ತೊಂದರೆ ಬಂದದ್ದು ಕಲಿತಾದ ಮೇಲೆ.

ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಾಯಿಯು ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು. ಅವರ ಕೇರಿಯ ನಲ್ಲಿಗೆ ನೀರು ಯಾವ ಹೊತ್ತಿಗೆ ಬರುವದೆಂದು ಹೇಳಲಾಗದು. ರಾತ್ರಿ ಎರಡು ಗಂಟೆಗೆ ಬಂದರೂ ಬಂತು. ಕೊಡ ತುಂಬಿಸುವದಕ್ಕಾಗಿ ತಾಯಿಯು ಅರೆನಿದ್ರೆಯಲ್ಲಿ ಕಿವಿಗೊಟ್ಟು ಮಲಗುವದನ್ನು ನೋಡಿದ ಮಗಳು, ನೀರು ಬಂದೊಡನೆ ಕೂಗಿ ಎಬ್ಬಿಸುವ ಒಂದು ಯಂತ್ರವನ್ನು ಉನೋ ಬೋರ್ಡಿನಿಂದ ಮಾಡಿದಳು. ಶಾಲೆಯ ಪ್ರದರ್ಶನದಲ್ಲಿ ಅದು ಚೆನ್ನಾಗಿಯೇ ಕೂಗಿತು. ಮರುದಿನ ಅದನ್ನು ಬಿಚ್ಚಬೇಕಾಯಿತು, ಏಕೆಂದರೆ ಮೂರು ಬೋರ್ಡುಗಳಿಗೆ ನಾಲ್ವತ್ತು ಮಂದಿ ಕಾಯುತ್ತಿದ್ದರು. ಅವಳು ತಂತಿಗಳನ್ನು ಒಂದೊಂದಾಗಿ ತೆಗೆದು ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಳು. ಒಂದು ಮಾತನ್ನೂ ಆಡಲಿಲ್ಲ. ಹೊರಡುವಾಗ ಮಾತ್ರ, "ಬೋರ್ಡಿನಲ್ಲಿರುವ ಚಿಪ್ ಮಾತ್ರ ಸಿಕ್ಕಿದರೆ ಸಾಕಲ್ಲವೇ ಟೀಚರೇ, ಬೋರ್ಡು ಏಕೆ ಬೇಕು?" ಎಂದು ಕೇಳಿದಳು.

ಪ್ರಶ್ನೆಯು ನ್ಯಾಯವಾದದ್ದು. ಮಾಡಿದ ವಸ್ತುವು ಮನೆಗೆ ಹೋಗಿ ಉಪಯೋಗಕ್ಕೆ ಬರಬೇಕಾದರೆ ಬೋರ್ಡು ಶಾಲೆಯಲ್ಲಿ ಉಳಿದು ಚಿಪ್ ಮಾತ್ರ ಮನೆಗೆ ಹೋಗಬೇಕು. ಬರಿಯ ಚಿಪ್‌ಗೆ ಬರೆಯಬೇಕಾದರೆ ಪ್ರೋಗ್ರಾಮರ್ ಬೇಕು.

ರೇಡಿಯೋ ದುರಸ್ತಿಯಲ್ಲಿ ಕೈಪಳಗಿದ ಪೋಷಕರೊಬ್ಬರು ಇದನ್ನು ಕೇಳಿ, "ಇಷ್ಟಕ್ಕೆ ಮೈಕ್ರೋಕಂಟ್ರೋಲರ್ ಏಕೆ ಮೇಡಂ? ಎರಡು ಟ್ರಾನ್ಸಿಸ್ಟರ್, ಒಂದು ಬಜರ್, ಮುಗಿಯಿತು" ಎಂದರು. ಅವರ ಮಾತೂ ಸುಳ್ಳಲ್ಲ. ಆದರೆ ಹುಡುಗಿಯು ಅದನ್ನೂ ಮಾಡಿ ನೋಡಿದ್ದಳು. ನೀರಿನಲ್ಲಿ ನಿಂತ ತಂತಿಗಳಲ್ಲಿ ವಿದ್ಯುತ್ತು ಸದಾ ಹರಿಯುತ್ತಿದ್ದರೆ ಕೆಲವೇ ದಿನಗಳಲ್ಲಿ ಒಂದು ತಂತಿಯು ಸವೆದು ಕಪ್ಪಾಗುವದು. ರಸಾಯನಶಾಸ್ತ್ರದ ಪಾಠದಲ್ಲಿ ವಿದ್ಯುದ್ವಿಭಜನೆ ಎಂದು ಓದಿದ್ದೇ ಇದು. ಚಿಪ್ ಆದರೆ ಎಂಟು ಸೆಕೆಂಡಿಗೊಮ್ಮೆ ಕಣ್ಣು ತೆರೆದು, ಕ್ಷಣಮಾತ್ರ ತಂತಿಗೆ ವಿದ್ಯುತ್ತು ಕೊಟ್ಟು, ನೀರಿದೆಯೇ ಎಂದು ನೋಡಿ, ಇಲ್ಲವಾದರೆ ಪುನಃ ನಿದ್ರೆ ಹೋಗುವದು. ಅದರ ಅನಲಾಗ್ ಭಾಗವನ್ನೂ ನಿಲ್ಲಿಸಿಟ್ಟರೆ ನಿದ್ರೆಯಲ್ಲಿ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ತು ಸಾಕು. ಮೂರು ಪೆನ್ ಸೆಲ್ಲುಗಳಲ್ಲಿ ತಿಂಗಳುಗಟ್ಟಲೆ ನಡೆಯುವದು. ಉನೋ ಬೋರ್ಡಾದರೋ ಸುಮ್ಮನೆ ಕುಳಿತಿರುವದಕ್ಕೇ ಸುಮಾರು ೫೦ ಮಿಲಿಆಂಪಿಯರ್ ಬೇಡುವದು. ಅಷ್ಟು ಕೊಡುತ್ತಾ ಹೋದರೆ ಅಂಥ ಸೆಲ್ಲುಗಳು ಎರಡು ದಿನ ಬಾಳಿದರೆ ಹೆಚ್ಚು.

ಆ ಮೇಲೆ ಯಾವ ಪ್ರೋಗ್ರಾಮರ್ ಎಂಬ ಚರ್ಚೆಯು ಎದ್ದಿತು. ಇಲ್ಲಿ ತಾಯ್ತಂದೆಗಳು ಗಮನಿಸತಕ್ಕ ಸಂಗತಿ ಒಂದಿರುವದು. ಎಲ್ಲಾ ಚಿಪ್‌ಗಳಿಗೂ ಒಂದೇ ಪ್ರೋಗ್ರಾಮರ್ ಆಗುವದಿಲ್ಲ. ಬೀಗಕ್ಕೆ ತಕ್ಕ ಬೀಗದಕೈ ಇದ್ದಂತೆ ಒಂದೊಂದು ಕುಲದ ಚಿಪ್‌ಗೆ ಒಂದೊಂದು ವಿಧ. ಆದುದರಿಂದ "ಅಗ್ಗದ ಪ್ರೋಗ್ರಾಮರ್ ಯಾವದು?" ಎಂದು ಅಂಗಡಿಯಲ್ಲಿ ಮೊದಲು ಕೇಳುವವರು ಕೀಲಿಕೈಯನ್ನು ಕೊಂಡು ಬೀಗವನ್ನು ಹುಡುಕುವವರಾಗುತ್ತಾರೆ. ಮೊದಲು ಚಿಪ್ ಯಾವದೆಂದು ನಿಶ್ಚಯವಾಗಬೇಕು.

ನಮ್ಮ ಉಪಾಧ್ಯಾಯಿನಿಯರಲ್ಲಿ ಒಬ್ಬರು ೮೦೫೧ರ ಪಕ್ಷ. ಅವರು ಕಾಲೇಜಿನಲ್ಲಿ ಕಲಿತದ್ದು ಅದು. ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅದನ್ನು ಬಹುಕಾಲ ಕಲಿಸಿದ್ದಾರಾದದರಿಂದ ಪುಸ್ತಕಗಳಿಗೇನೂ ಬರವಿಲ್ಲ. ಆದರೆ ಅದೇ ಕುಲದ ಎಟಿ೮೯ಸಿ೫೧ ಎಂಬದಕ್ಕೆ ಬರೆಯಲು ೧೨ ವೋಲ್ಟನ್ನೂ ಅನೇಕ ತಂತಿಗಳನ್ನೂ ಬೇಡುವ ಯಂತ್ರವು ಬೇಕು. ಎಟಿ೮೯ಎಸ್೫೨ ಎಂಬದಕ್ಕೆ ಕೆಲವೇ ತಂತಿಗಳು ಸಾಕು. ಒಂದೆರಡು ಅಕ್ಷರಗಳ ವ್ಯತ್ಯಾಸಕ್ಕೆ ಮಕ್ಕಳು ಮೋಸಹೋಗುವರು. ಇದಲ್ಲದೆ ಅವು ನಾಲ್ವತ್ತು ಕಾಲುಗಳ ಚಿಪ್‌ಗಳು. ನಲ್ಲಿಯ ನೀರನ್ನು ಕಾಯುವದಕ್ಕೆ ನಾಲ್ವತ್ತು ಕಾಲು ಬೇಡ.

ಪಿಕ್ ಕುಲವನ್ನು ನಾವು ಹೆಚ್ಚು ಕಾಲ ವಿಚಾರಮಾಡಿದೆವು. ಗಟ್ಟಿಯಾದ ಚಿಪ್‌ಗಳು. ಅವುಗಳಿಗೆ ಪಿಕ್‌ಕಿಟ್ ಎಂಬ ಪ್ರೋಗ್ರಾಮರಿನ ಎರಡನೆಯದು, ಮೂರನೆಯದು, ನಾಲ್ಕನೆಯದು, ಐದನೆಯದು ಎಂದು ಪೀಳಿಗೆಗಳು ಬಂದಿರುವವು. ಎರಡನೆಯದರ ಮತ್ತು ಮೂರನೆಯದರ ನಕಲುಗಳು ಸಾವಿರ ಎರಡು ಸಾವಿರಕ್ಕೆ ಸಿಕ್ಕುವವು. ಆದರೆ ಮೂರನೆಯದರ ಬೆಂಬಲವನ್ನು ಕಂಪೆನಿಯು ತನ್ನ ಹೊಸ ತಂತ್ರಾಂಶದಿಂದ ತೆಗೆದುಹಾಕಿರುವದು, ಹಳೆಯ ತಂತ್ರಾಂಶವನ್ನೇ ಜೋಪಾನ ಮಾಡಬೇಕು. ಹೊಸ ಪೀಳಿಗೆಯ ಅಸಲು ಉಪಕರಣವು ಒಂದಕ್ಕೆ ಅನೇಕ ಸಾವಿರ. ಒಬ್ಬ ಇಂಜಿನಿಯರಿಗೆ ಅದು ಹೆಚ್ಚಲ್ಲ. ನಲ್ವತ್ತು ಹುಡುಗಿಯರ ನಡುವೆ ಒಂದೇ ಒಂದು ಎಂದರೆ ಹೆಚ್ಚು.

ಹೀಗೆ ಉಳಿದದ್ದು ಎ.ವಿ.ಆರ್. ಕುಲ. ನಾರ್ವೆ ದೇಶದ ತ್ರೋನ್‌ಹೈಮಿನಲ್ಲಿ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ಇದನ್ನು ಅಟ್ಮೆಲ್ ಕಂಪೆನಿಯು ೧೯೯೦ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ತಂದಿತು. ೨೦೧೬ರಲ್ಲಿ ಅಟ್ಮೆಲ್ ಅನ್ನು ಮೈಕ್ರೋಚಿಪ್ ಕೊಂಡಿತು. ಉನೋ ಬೋರ್ಡಿನ ಮೇಲಿರುವದೂ ಇದೇ ಕುಲದ ಚಿಪ್ ಆದುದರಿಂದ ಮಕ್ಕಳು ಕಲಿತದ್ದು ಕೈಬಿಡಬೇಕಾಗಿಲ್ಲ. ಅದರ ಚಿಕ್ಕ ತಂಗಿ ಎಟಿಟೈನಿ-೮೫: ಎಂಟೇ ಕಾಲು, ೮ ಕಿಲೋಬೈಟ್ ಫ್ಲಾಶ್, ಓಡುವಾಗ ಉಪಯೋಗಿಸುವ ಮೆಮೊರಿ ೫೧೨ ಬೈಟ್ ಮಾತ್ರ. ೫೧೨ ಬೈಟ್ ಎಂದರೆ ಈ ಪುಟದ ಒಂದೆರಡು ವಾಕ್ಯಗಳನ್ನೂ ಹಿಡಿಸಲಾರದಷ್ಟು ಇಕ್ಕಟ್ಟು. ಆ ಇಕ್ಕಟ್ಟಿನಲ್ಲಿ ಸಂಸಾರ ಮಾಡುವದನ್ನು ಕಲಿಯುವದು ಹುಡುಗಿಯರಿಗೆ ಒಳ್ಳೆಯದೆಂದು ನಮ್ಮ ವಿಜ್ಞಾನದ ಉಪಾಧ್ಯಾಯಿನಿಯು ಹೇಳುತ್ತಾರೆ; ಸಂಸಾರ ಎಂಬ ಮಾತು ಅವರದು, ನಮ್ಮದಲ್ಲ.

ಈ ಹಂತದಲ್ಲಿ ಆಡಳಿತ ಸಮಿತಿಯ ಹಿರಿಯರೊಬ್ಬರು, ಸಾವಿರಾರು ಬಗೆಯ ಚಿಪ್‌ಗಳಿಗೆ ಬರೆಯಬಲ್ಲ ಸರ್ವೋಪಯೋಗಿ ಯಂತ್ರವೊಂದನ್ನು ಕೊಳ್ಳುವದೇ ಲೇಸೆಂದು ಸೂಚಿಸಿದರು. ಸನ್ನೆಯನ್ನು ಎತ್ತಿ ಚಿಪ್ ಇಟ್ಟು ಇಳಿಸುವ ಸಾಕೆಟ್ಟುಳ್ಳ ಯಂತ್ರ. ಅಂಗಡಿಯವರು ಹೇಳಿದ ಬೆಲೆ ಆರು ಸಾವಿರದ ಮೇಲೆ. ನೋಡುವದಕ್ಕೂ ಅಂದವಾದದ್ದು. ನಿಧಿಗೆ ಹಣ ಕೊಟ್ಟವರಿಗೆ ತೋರಿಸಿದರೆ ಕಣ್ಣು ತುಂಬುವದು. ನಾವು ಒಪ್ಪಲಿಲ್ಲ. ಇಪ್ಪತ್ತು ವರ್ಷಗಳ ಶಿಕ್ಷಕವೃತ್ತಿಯಲ್ಲಿ ನಾವು ಕಂಡಿರುವ ಒಂದು ಸಂಗತಿ ಏನೆಂದರೆ, ಶಾಲೆಯಲ್ಲಿ ದುಬಾರಿಯಾದ ವಸ್ತು ಒಂದೇ ಇದ್ದರೆ ಅದು ಬೀರುವಿಗೆ ಹೋಗುವದು. ಬೀರುವಿನ ಬೀಗದಕೈ ಒಬ್ಬರ ಬಳಿ ಇರುವದು. ಅವರು ರಜೆಯಲ್ಲಿ ಇರುವರು. ಮುಟ್ಟಿದರೆ ಕೆಟ್ಟೀತು ಎಂಬ ಮಾತನ್ನು ನಮ್ಮ ಹುಡುಗಿಯರು ಹುಟ್ಟಿದಂದಿನಿಂದ ಕೇಳಿದವರು. ಅಣ್ಣತಮ್ಮಂದಿರು ಗಡಿಯಾರ ಬಿಚ್ಚಿದರೆ ಜಾಣರು, ಇವರು ಬಿಚ್ಚಿದರೆ ಹಾಳುಮಾಡಿದವರು. ಶಾಲೆಯೂ ಅದೇ ಮಾತನ್ನು ಹೇಳುವಂಥ ಯಂತ್ರವನ್ನು ತರುವದಕ್ಕೆ ನಮಗೆ ಮನಸ್ಸಾಗಲಿಲ್ಲ. ಒಂದು ಕೆಟ್ಟರೆ ಕಣ್ಣೀರು ಬಾರದಂಥ ಬೆಲೆಯ ಹನ್ನೆರಡು ಬೇಕಾಗಿದ್ದುವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಜವಾಬ್ದಾರಿ" ಎಂದರು. ನಾವು ಒಪ್ಪಿಕೊಂಡೆವು.

ಆದರೂ ಹಣವನ್ನು ಖರ್ಚುಮಾಡುವ ಮೊದಲು, ಒಂದು ಕಾಸೂ ಕೊಡದೆ ಆಗುವ ಉಪಾಯವೊಂದನ್ನು ಮಾಡಿನೋಡಿದೆವು. ಇದನ್ನು ಎಲ್ಲರಿಗೂ ಹೇಳುತ್ತೇವೆ, ಏಕೆಂದರೆ ಮನೆಯಲ್ಲಿ ಉನೋ ಬೋರ್ಡು ಇರುವವರಿಗೆ ಇದೇ ಅತ್ಯಂತ ಅಗ್ಗದ ಪ್ರೋಗ್ರಾಮರ್. ಆರ್ಡುಯಿನೋ ತಂತ್ರಾಂಶದ ಉದಾಹರಣೆಗಳಲ್ಲಿ ಆರ್ಡುಯಿನೋ-ಐಎಸ್‌ಪಿ ಎಂಬದೊಂದಿರುವದು. ಅದನ್ನು ಉನೋವಿಗೆ ಬರೆದುಬಿಟ್ಟರೆ ಉನೋ ತಾನೇ ಪ್ರೋಗ್ರಾಮರ್ ಆಗುವದು. ಅದರ ೧೦ನೆಯ ಕಾಲಿನಿಂದ ಚಿಕ್ಕ ಚಿಪ್‌ನ ೧ನೆಯ ಕಾಲಿಗೆ, ೧೧ರಿಂದ ೫ಕ್ಕೆ, ೧೨ರಿಂದ ೬ಕ್ಕೆ, ೧೩ರಿಂದ ೭ಕ್ಕೆ ತಂತಿ. ೫ ವೋಲ್ಟು ೮ನೆಯ ಕಾಲಿಗೆ, ನೆಲದ ತಂತಿ ೪ಕ್ಕೆ. ಆರೇ ತಂತಿಗಳು. ಉನೋವಿನ ರೀಸೆಟ್ ಕಾಲಿಗೂ ನೆಲಕ್ಕೂ ನಡುವೆ ೧೦ ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರನ್ನು, ಧನ ಕಾಲು ರೀಸೆಟ್ ಕಡೆಗೆ ಬರುವಂತೆ, ಆ ಉದಾಹರಣೆಯನ್ನು ಬರೆದಾದ ನಂತರ ಇಡಬೇಕು. ಇಲ್ಲವಾದರೆ ಪ್ರತಿಸಲವೂ ಉನೋ ಎಚ್ಚತ್ತು ತಾನೇ ಆಜ್ಞೆಗಳನ್ನು ನುಂಗಿಬಿಡುವದು. ಇಷ್ಟಾದ ಮೇಲೆ ಗಣಕಯಂತ್ರವು ಚಿಪ್ ಅನ್ನು "ನೀನು ಯಾರು?" ಎಂದು ಕೇಳುವದು. ಎಟಿಟೈನಿ-೮೫ ಆದರೆ ಬರುವ ಉತ್ತರವು ೧ಇ, ೯೩, ೦ಬಿ ಎಂಬ ಮೂರು ಸಂಖ್ಯೆಗಳು. ಮೊದಲ ಸಲ ಆ ಉತ್ತರವು ಪರದೆಯ ಮೇಲೆ ಬಂದಾಗ ಹುಡುಗಿಯರು ಚಪ್ಪಾಳೆ ತಟ್ಟಿದ್ದನ್ನು ಕೇಳಿ ಪಕ್ಕದ ತರಗತಿಯ ಉಪಾಧ್ಯಾಯಿನಿಯು ಬಂದು ನೋಡಿಹೋದರು.

ಈ ಉಪಾಯದ ದೋಷವೆಂದರೆ ಉನೋ ಬೋರ್ಡು ಪುನಃ ಕಟ್ಟಿಹಾಕಲ್ಪಡುವದು. ಮೂರು ಬೋರ್ಡುಗಳಲ್ಲಿ ಒಂದನ್ನು ಇದಕ್ಕೆ ಕೊಟ್ಟರೆ ಉಳಿಯುವದು ಎರಡು. ಹೀಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಮಾನು ಕೊಳ್ಳುವ ಅಭ್ಯಾಸವಿರುವ ನಮ್ಮ ಹಳೆವಿದ್ಯಾರ್ಥಿನಿಯೊಬ್ಬರಿಗೆ ಕಾಗದ ಬರೆದೆವು. ಅವರು ಯುಎಸ್‌ಬಿ-ಎಎಸ್‌ಪಿ ಎಂಬದನ್ನು ಒಂದಕ್ಕೆ ೨೬೦ ರೂಪಾಯಿಯಂತೆ ಕೊಂಡು ಕಳುಹಿಸಿದರು.

ಇದನ್ನು ರೂಪಿಸಿದವರು ಜರ್ಮನಿಯ ಥಾಮಸ್ ಫಿಷಲ್ ಎಂಬವರು. ನಕ್ಷೆಯನ್ನೂ ಒಳಗಿನ ಪ್ರೋಗ್ರಾಮನ್ನೂ ಅವರು ಬಚ್ಚಿಡದೆ ಎಲ್ಲರಿಗೂ ಕೊಟ್ಟಿರುವದರಿಂದ ಯಾರು ಬೇಕಾದರೂ ತಯಾರಿಸಬಹುದು, ಆದುದರಿಂದಲೇ ಅಗ್ಗ. ಅದರ ಹೃದಯದಲ್ಲಿರುವದು ಎಟಿಮೆಗಾ-೮ ಎಂಬ, ಯು.ಎಸ್.ಬಿ. ಭಾಷೆಯನ್ನು ಹುಟ್ಟಿನಿಂದ ಅರಿಯದ ಒಂದು ಚಿಪ್. ಪ್ರೋಗ್ರಾಮಿನ ಬಲದಿಂದಲೇ ಅದು ಆ ಭಾಷೆಯನ್ನು ಕಲಿತು ಆಡುವದು. ಗಣಕಯಂತ್ರದ ಕಡೆಯಿಂದ ಇದರೊಡನೆ ಮಾತಾಡುವ ಎವಿಆರ್‌ಡ್ಯೂಡ್ ಎಂಬ ತಂತ್ರಾಂಶವೂ ಉಚಿತವಾದದ್ದು, ಇಂದಿಗೂ ಜನರು ಅದನ್ನು ತಿದ್ದಿ ಬೆಳೆಸುತ್ತಾ ಇರುತ್ತಾರೆ. ಒಂದು ಕಂಪೆನಿಯು ಮನಸ್ಸು ಬದಲಿಸಿದ ಮಾತ್ರಕ್ಕೆ ನಮ್ಮ ಹನ್ನೆರಡೂ ಒಂದೇ ದಿನದಲ್ಲಿ ಕಸವಾಗಲಾರವು ಎಂಬದು ಬೆಲೆಗಿಂತಲೂ ನಮಗೆ ಹೆಚ್ಚಾಗಿ ತೋರಿತು.

ಅಗ್ಗದ ಸಾಮಾನಿನ ಉಳಿದ ಬೆಲೆಯನ್ನು ತಾಳ್ಮೆಯಿಂದ ಕೊಡಬೇಕಾಗುವದು, ಅದನ್ನೂ ಮರೆಮಾಚುವದಿಲ್ಲ. ಮೊದಲನೆಯದಾಗಿ, ಇದರ ಪಟ್ಟಿತಂತಿಯ ತುದಿಯಲ್ಲಿ ಹತ್ತು ರಂಧ್ರಗಳು. ಅನೇಕ ಬೋರ್ಡುಗಳಲ್ಲಿ ಇರುವದು ಆರು ಮುಳ್ಳು. ನಡುವೆ ಇಡುವ ಸಣ್ಣ ಅಡಾಪ್ಟರನ್ನು ಜೊತೆಗೇ ಕೊಳ್ಳತಕ್ಕದ್ದು. ವಿಂಡೋಸ್ ಗಣಕಯಂತ್ರಗಳಲ್ಲಿ ಝಾಡಿಗ್ ಎಂಬ ಉಚಿತ ಸಾಧನದಿಂದ ಇದಕ್ಕೊಂದು ಡ್ರೈವರನ್ನು ಕೂಡಿಸಬೇಕು; ಲಿನಕ್ಸಿನಲ್ಲಿ ಡ್ರೈವರ್ ಬೇಡ, ಅನುಮತಿಯ ಒಂದು ಸಾಲು ಬರೆದರೆ ಆಯಿತು. ಇದಕ್ಕಿಂತ ಹೆಚ್ಚು ಮಂದಿಯನ್ನು ಕಾಡುವದು ವೇಗದ ಪ್ರಶ್ನೆ. ಹೊಸ ಎಟಿಟೈನಿ-೮೫ ಕಾರ್ಖಾನೆಯಿಂದ ಬರುವಾಗ ೧ ಮೆಗಾಹರ್ಟ್ಸ್ ವೇಗದಲ್ಲಿ ಓಡುವಂತೆ ಇಟ್ಟಿರುವದು. ಬರೆಯುವವನ ವೇಗವು ಅದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ದೂತನು ಅವಸರದಿಂದ ಮಾತಾಡಿದರೆ ಚಿಪ್‌ಗೆ ಅರ್ಥವಾಗದು, ಉತ್ತರ ಬಾರದು; ಮಕ್ಕಳು ಚಿಪ್ ಸತ್ತಿತೆಂದು ಎಸೆದುಬಿಡುವರು. ಎವಿಆರ್‌ಡ್ಯೂಡಿಗೆ ನಿಧಾನವಾಗಿ ಮಾತಾಡೆಂದು ಆಜ್ಞೆ ಕೊಟ್ಟರೆ, ಅಥವಾ ಬೋರ್ಡಿನ ಮೇಲೆ ನಿಧಾನಕ್ಕೆಂದೇ ಇರುವ ಜಂಪರನ್ನು ಕೂಡಿಸಿದರೆ, ಸತ್ತ ಚಿಪ್‌ಗಳಲ್ಲಿ ಬಹುಪಾಲು ಬದುಕುವವು.

ವೋಲ್ಟೇಜಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ೩.೩ ಮತ್ತು ೫ ಎಂದು ಬದಲಾಯಿಸುವ ಜಂಪರ್ ಅನೇಕ ನಕಲುಗಳಲ್ಲಿ ಇರುವದಾದರೂ ಅದು ಬದಲಾಯಿಸುವದು ಚಿಪ್‌ಗೆ ಉಣಿಸುವ ವಿದ್ಯುತ್ತನ್ನು. ಸಂಕೇತದ ತಂತಿಗಳು ೫ ವೋಲ್ಟಿನಲ್ಲಿಯೇ ಉಳಿಯಬಹುದು. ೩.೩ ವೋಲ್ಟಿನ ಸೂಕ್ಷ್ಮವಾದ ರೇಡಿಯೋ ಬಿಲ್ಲೆಗಳನ್ನು ಜೋಡಿಸಿಟ್ಟು ಬರೆಯಹೋಗಕೂಡದು. ಚಿಪ್ ಅನ್ನು ತೆಗೆದು, ಒಂಟಿಯಾಗಿ ಬರೆದು, ಪುನಃ ಸಾಕೆಟ್ಟಿನಲ್ಲಿ ಕೂಡಿಸುವದು ನಮ್ಮಲ್ಲಿಯ ಕ್ರಮ.

ಹನ್ನೆರಡರಲ್ಲಿ ಒಂಬತ್ತು ಬಂದ ದಿನವೇ ಕೆಲಸಕ್ಕೆ ನಿಂತುವು. ಮೂರು ತಕರಾರು ಮಾಡಿದುವು. ಒಂದರ ಬೆಸುಗೆ ಬಿಟ್ಟಿತ್ತು. ಕಾದ ಕಬ್ಬಿಣವನ್ನು ಮುಟ್ಟಿಸಿದೊಡನೆ ಸರಿಹೋಯಿತು. ಇನ್ನೆರಡರಲ್ಲಿ, ತಯಾರಿಸಿದವರು ಫಿಷಲರ ಪ್ರೋಗ್ರಾಮಿಗೆ ಬದಲಾಗಿ ಬೇರೆ ಯಾವದನ್ನೋ ತುಂಬಿಸಿದ್ದರು. ಗಣಕಯಂತ್ರಕ್ಕೆ ಅವು ತಮ್ಮನ್ನು ಬೇರೆ ಹೆಸರಿನಿಂದ ಪರಿಚಯ ಮಾಡಿಕೊಂಡುವು, ಎವಿಆರ್‌ಡ್ಯೂಡ್ ಅವುಗಳನ್ನು ಗುರುತಿಸಲಿಲ್ಲ. ಇಂಥ ನಕಲುಗಳು ಮಾರುಕಟ್ಟೆಯಲ್ಲಿ ಹೊಸವೇನಲ್ಲ. ಇಲ್ಲಿಯೇ ತೆರೆದ ನಕ್ಷೆಯ ಗುಣವು ಕಂಡುಬಂದದ್ದು. ಒಳಗಿರುವದು ಎಟಿಮೆಗಾ-೮ ತಾನೇ? ಅದೂ ಒಂದು ಮೈಕ್ರೋಕಂ‌ಟ್ರೋಲರ್ ತಾನೇ? ಸರಿಯಾದ ಒಂದು ಪ್ರೋಗ್ರಾಮರಿನಿಂದ ಸರಿಯಿಲ್ಲದ ಪ್ರೋಗ್ರಾಮರಿಗೆ ಬರೆಯಬಹುದು. ತಿದ್ದುವದಕ್ಕೆಂದೇ ಬೋರ್ಡಿನ ಮೇಲೆ ಬಿಟ್ಟಿರುವ ಎರಡು ಚುಕ್ಕೆಗಳನ್ನು ತಂತಿಯಿಂದ ಕೂಡಿಸಿ, ಫಿಷಲರ ಮೂಲ ಪ್ರೋಗ್ರಾಮನ್ನು ನಮ್ಮ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಅದರಲ್ಲಿ ತುಂಬಿಸಿದರು. ಒಂದು ಸರಿಯಾಯಿತು. ಇನ್ನೊಂದು ಆಗಲಿಲ್ಲ; ಅದನ್ನು ಬಿಚ್ಚಿ ಅದರ ಅಂಗಾಂಗಗಳನ್ನು ಹಲಗೆಗೆ ಅಂಟಿಸಿ ಪಾಠಕ್ಕೆ ಇಟ್ಟುಕೊಂಡಿದ್ದೇವೆ. ಜಮಾಖರ್ಚಿನಲ್ಲಿ ಹನ್ನೆರಡೆಂದಿದ್ದರೂ ಓಡುತ್ತಿರುವವು ಹನ್ನೊಂದು ಎಂಬದನ್ನು ಲೆಕ್ಕಪರಿಶೋಧಕರು ಗಮನಿಸಬೇಕು.

ಒಂದು ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ಚಿಪ್‌ನೊಳಗೆ ಫ್ಯೂಸ್ ಎಂದು ಕರೆಯಲ್ಪಡುವ ಕೆಲವು ಆಯ್ಕೆಗಳಿರುವವು. ಹೆಸರು ಫ್ಯೂಸ್ ಆದರೂ ಸುಡುವಂಥದ್ದಲ್ಲ, ಚಿಪ್ ಹೇಗೆ ನಡೆಯಬೇಕೆಂಬ ಗುರುತುಗಳು. ಅವುಗಳಲ್ಲಿ ಒಂದನ್ನು ಬದಲಾಯಿಸಿದರೆ ೧ನೆಯ ಕಾಲು ರೀಸೆಟ್ ಕೆಲಸವನ್ನು ಬಿಟ್ಟು ಸಾಧಾರಣ ಕಾಲಾಗುವದು. ಒಂದು ಕಾಲು ಹೆಚ್ಚು ಸಿಕ್ಕಿತೆಂದು ಸಂತೋಷಪಟ್ಟರೆ, ಆ ಮೇಲೆ ಅಗ್ಗದ ಪ್ರೋಗ್ರಾಮರ್ ಆ ಚಿಪ್ ಅನ್ನು ಮಾತಾಡಿಸಲಾರದು. ಅದನ್ನು ಹಿಂದಕ್ಕೆ ತರಲು ೧೨ ವೋಲ್ಟನ್ನು ಕೊಡಬಲ್ಲ ಬೇರೆ ಸರ್ಕ್ಯೂಟು ಬೇಕು. ಆದುದರಿಂದ ಏನನ್ನು ಏಕೆ ಬದಲಾಯಿಸುವೆನೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಸಂಗಡಿಗಳೊಬ್ಬಳಿಗೆ ಓದಿ ಹೇಳಿದ ಹೊರತು ಯಾರೂ ಫ್ಯೂಸುಗಳನ್ನು ಮುಟ್ಟಕೂಡದೆಂಬದು ಪ್ರಯೋಗಾಲಯದ ನಿಯಮ. ಉಪಾಧ್ಯಾಯಿನಿಗೆ ಹೇಳಬೇಕೆಂದಿಲ್ಲ, ಸಂಗಡಿಗಳಿಗೆ ಹೇಳಿದರೆ ಸಾಕು. ಗಟ್ಟಿಯಾಗಿ ಓದುವಾಗಲೇ ಅರ್ಧ ಮಂದಿಗೆ ಅದು ಬೇಡವೆಂದು ತಿಳಿದುಬಿಡುವದು.

ಮನೆಗೆ ಏನನ್ನು ಕೊಡಿಸಬೇಕೆಂದು ಕೇಳುವವರಿಗೆ ನಮ್ಮ ಮಾತು ಸ್ವಲ್ಪ ಬೇರೆ. ಮಗಳು ಇನ್ನೂ ಆರಂಭಿಸದೆ ಇದ್ದರೆ ಪ್ರೋಗ್ರಾಮರನ್ನೇ ಕೊಳ್ಳಬೇಡಿ. ೨೦೨೧ರ ಜನವರಿಯಲ್ಲಿ ೪ ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪಿಕೋ ಎಂಬ ಬೋರ್ಡಿಗೆ ಯಾವ ಪ್ರೋಗ್ರಾಮರೂ ಬೇಡ; ಅದರ ಗುಂಡಿಯನ್ನು ಒತ್ತಿ ಹಿಡಿದು ಯು.ಎಸ್.ಬಿ. ತಂತಿಯನ್ನು ಚುಚ್ಚಿದರೆ ಪೆನ್‌ಡ್ರೈವಿನಂತೆ ಕಾಣಿಸುವದು, ಕಡತವನ್ನು ಅದರೊಳಗೆ ನಕಲುಮಾಡಿದರೆ ಮುಗಿಯಿತು. ಒಂದೇ ಬೋರ್ಡು ಸಾಕೆನ್ನುವ ಮನೆಗೆ ಅದು ನಮ್ಮ ಹನ್ನೆರಡಕ್ಕಿಂತಲೂ ಲೇಸು. ಮಾಡಿದ ವಸ್ತುಗಳನ್ನು ಬಿಚ್ಚದೆ ಇಟ್ಟುಕೊಳ್ಳಬೇಕೆಂಬ ಆಶೆಯು ಅವಳಲ್ಲಿ ಹುಟ್ಟಿದ ದಿನ, ಬರಿಯ ಚಿಪ್‌ಗಳ ಮಾತು ಬರುವದು. ಅಂದು ಇನ್ನೂರೈವತ್ತು ಮುನ್ನೂರು ರೂಪಾಯಿಯದು ಸಾಕು. ಅದಕ್ಕಿಂತ ಹೆಚ್ಚು ಹಣವು ಕೈಯಲ್ಲಿದ್ದರೆ ಪ್ರೋಗ್ರಾಮರಿಗೆ ಸುರಿಯದೆ ಚಿಪ್‌ಗಳನ್ನು ಕೊಡಿಸಿ, ನಾಲ್ಕೈದು ಕೊಡಿಸಿ. ಒಂದೇ ಚಿಪ್ ಇರುವ ಹುಡುಗಿಯು ಅದನ್ನು ಸುಟ್ಟೇನೆಂದು ಹೆದರುವಳು, ಐದಿರುವವಳು ಹೆದರಳು.

ನಿಧಿಯ ೧೦,೦೦೦ ರೂಪಾಯಿಗಳಲ್ಲಿ ೩,೧೨೦ ಪ್ರೋಗ್ರಾಮರುಗಳಿಗೆ ಹೋದರೆ, ೫,೬೦೦ ರೂಪಾಯಿಗೆ ನಲ್ವತ್ತು ಎಟಿಟೈನಿ-೮೫ಗಳು ಬಂದುವು. ಉಳಿದ ೧,೨೮೦ರಲ್ಲಿ ಬ್ರೆಡ್‌ಬೋರ್ಡು, ಸಾಕೆಟ್ಟು, ಬಜರುಗಳು. ನಲ್ವತ್ತು ಮಂದಿಗೆ ನಲ್ವತ್ತು ಚಿಪ್. ಮಾಡಿ ಮುಗಿಸಿದವಳು ತನ್ನದನ್ನು ಮನೆಗೆ ಒಯ್ಯುವಳು, ಅದು ಶಾಲೆಗೆ ಹಿಂದಿರುಗಬೇಕಾಗಿಲ್ಲ. ಗೇರುಬೀಜದ ಕಾರ್ಖಾನೆಗೆ ಹೋಗುವ ಆ ತಾಯಿಯ ಮನೆಯಲ್ಲಿ ಈಗ ಒಂದಿರುವದು. ಪ್ರೋಗ್ರಾಮರುಗಳನ್ನು ಗ್ರಂಥಾಲಯದ ಪುಸ್ತಕಗಳಂತೆ ಶನಿವಾರ ಕೊಟ್ಟು ಮುಂದಿನ ಶನಿವಾರ ತೆಗೆದುಕೊಳ್ಳುತ್ತೇವೆ. ರಿಜಿಸ್ಟರಿನಲ್ಲಿ ಹೆಸರು ಬರೆಯುವವರು ಮಕ್ಕಳೇ. ಈ ವರೆಗೆ ಒಂದೂ ಕಳೆದಿಲ್ಲ.

ಮುಂದಿನ ವರ್ಷಕ್ಕೆ ಬೇರೊಂದು ಪ್ರಶ್ನೆಯು ಕಾದಿರುವದು. ಟೈನಿ ಎಂಬ ಹೆಸರಿನ ಹೊಸ ಚಿಪ್‌ಗಳು, ಉದಾಹರಣೆಗೆ ಎಟಿಟೈನಿ-೪೧೨, ನಮ್ಮ ಚಿಪ್‌ನ ನಂಟರೇ ಆದರೂ ಯು.ಪಿ.ಡಿ.ಐ. ಎಂಬ ಒಂದೇ ತಂತಿಯ ಭಾಷೆಯನ್ನು ಆಡುವವು, ನಮ್ಮ ಹನ್ನೊಂದು ದೂತರಿಗೂ ಆ ಭಾಷೆ ತಿಳಿಯದು. ಕಾಲುಗಳೂ ಬಹಳ ಸಣ್ಣವು, ಬ್ರೆಡ್‌ಬೋರ್ಡಿಗೆ ಚುಚ್ಚಲಾಗದು, ಪುಟ್ಟ ಬೋರ್ಡಿನ ಮೇಲೆ ಬೆಸೆಯಬೇಕು. ಆದರೆ ಅವುಗಳಿಗೆ ಬರೆಯುವದಕ್ಕೆ ಯು.ಎಸ್.ಬಿ.ಯನ್ನು ಸೀರಿಯಲ್ಲಿಗೆ ಮಾರ್ಪಡಿಸುವ ಸಾಧಾರಣ ಅಡಾಪ್ಟರು, ಜೊತೆಗೆ ಒಂದು ಡಯೋಡು ಅಥವಾ ರೆಸಿಸ್ಟರು, ಇಷ್ಟೇ ಸಾಕು; ಯುಎಸ್‌ಬಿ-ಎಎಸ್‌ಪಿಗಿಂತಲೂ ಅಗ್ಗ. ಸಿಎಚ್೩೪೦ ಅಥವಾ ಸಿಪಿ೨೧೦೨ ಎಂದು ಬರೆದಿರುವ ಇಂಥ ಅಡಾಪ್ಟರುಗಳು ನಿಮ್ಮ ಮೇಜಿನ ಸೆಳೆಖಾನೆಯಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದರೆ ಮೇ ತಿಂಗಳ ಒಳಗಾಗಿ ಶಾಲೆಯ ವಿಳಾಸಕ್ಕೆ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇವೆ. ತಂತಿಯು ಕಿತ್ತಿದ್ದರೂ ಚಿಂತೆಯಿಲ್ಲ. ಬೆಸೆಯಬಲ್ಲವರು ಇಲ್ಲಿ ಇದ್ದಾರೆ.